ಸಕ್ಕರೆ ಸೀಮೆಯಲ್ಲಿ ಮೆಂತ್ಯದ ಕಥೆ



ಮಂಡ್ಯ ಅಂದರೆ ಸಾಕು, ಹೊರಗಿನ ಜನ "ಓಹೋ, ಸಕ್ಕರೆ ಸೀಮೆಯವರೋ!" ಅನ್ನುತ್ತಾರೆ. ನಮಗೂ ಆ ಮಾತು ಹೆಮ್ಮೆಯದೇ. ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ಬೆಲ್ಲದ ಅಚ್ಚು, ಇವುಗಳ ನಡುವೆಯೇ ನಾವು ಹುಟ್ಟಿ ಬೆಳೆದವರು. ಆದರೆ ಇವತ್ತು ನಾನು ಕಬ್ಬಿನ ಮಾತು ಎತ್ತುವುದಿಲ್ಲ. ನಿಮ್ಮ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆಯ ಪಕ್ಕದಲ್ಲಿ ಸದ್ದಿಲ್ಲದೆ ಕೂತಿರುವ ಒಂದು ಕಹಿ ಕಾಳಿನ ಕಥೆ ಹೇಳುತ್ತೇನೆ. ಅದೇ ಮೆಂತ್ಯ. ಹಳದಿ ಬಣ್ಣದ ಕಾಳು, ಹಸಿರು ಸೊಪ್ಪು, ಎರಡನ್ನೂ ನೀವು ಬಲ್ಲಿರಿ. ದೋಸೆಗೆ ಅಕ್ಕಿ ನೆನೆಹಾಕುವಾಗ ಒಂದು ಚಿಟಿಕೆ ಕಾಳು ಬೀಳಲೇಬೇಕು. ಸಾರಿನ ಪುಡಿಗೆ ಬೇಕು, ಉಪ್ಪಿನಕಾಯಿಗೆ ಬೇಕು. ಸೊಪ್ಪು ಸಿಕ್ಕಿದ ದಿನ ಬಸ್ಸಾರು, ಪಲ್ಯ ಆಯಿತೆಂದೇ ಲೆಕ್ಕ.

ಇಷ್ಟು ಪರಿಚಯದ ವಸ್ತುವಿಗೆ ಭಾಷಣ ಯಾಕಪ್ಪಾ ಎಂದು ನೀವು ಕೇಳಬಹುದು. ಕಾರಣ ಇದೆ. ಅದು ನನ್ನದೇ ಒಂದು ತಪ್ಪಿನಿಂದ ಶುರುವಾದದ್ದು.

ಕೆಲವು ವರ್ಷಗಳ ಹಿಂದೆ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೈತರ ಸಭೆ ನಡೆಸಿದ್ದೆ. ಎಳೆ ಕಬ್ಬಿನ ಸಾಲುಗಳ ನಡುವೆ ಸೊಪ್ಪು ಬೆಳೆದು ನಾಲ್ಕು ಕಾಸು ಮಾಡಿಕೊಳ್ಳುವುದು ಹೇಗೆ ಎಂಬುದು ಅಂದಿನ ವಿಷಯ. ಮಾತು ಮುಗಿಯುವ ಹೊತ್ತಿಗೆ ನಮ್ಮ ದೊಡ್ಡಪ್ಪನ ವಯಸ್ಸಿನ ಒಬ್ಬ ಯಜಮಾನರು ಎದ್ದು ನಿಂತು, "ಮೆಂತ್ಯ ಸಕ್ಕರೆ ಕಾಯಿಲೆಗೆ ಒಳ್ಳೇದಂತೆ, ನಿಜವಾ ಸಾ?" ಎಂದು ಕೇಳಿದರು. ನಾನು ಹೊರಡುವ ಅವಸರದಲ್ಲಿದ್ದೆ. "ಒಳ್ಳೇದು ಯಜಮಾನ್ರೇ, ಬಹಳ ಒಳ್ಳೇದು" ಎಂದು ಹೇಳಿ ಬೈಕು ಹತ್ತಿದೆ. ನಾಲ್ಕು ತಿಂಗಳ ಮೇಲೆ ಮತ್ತೆ ಆ ಊರಿಗೆ ಹೋದಾಗ ಆ ಯಜಮಾನರು ಜಗಲಿಯ ಮೇಲೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಗಾಯ ಮಾಯದೆ, ಕೀವಾಗಿ, ಆಸ್ಪತ್ರೆಯಲ್ಲಿ ಒಂದು ಬೆರಳು ತೆಗೆದಿದ್ದರು. "ನೀವೇ ಯೋಳುದ್ರಲ್ಲ ಸಾ, ಮೆಂತ್ಯ ಒಳ್ಳೇದು ಅಂತ. ಅದುಕ್ಕೇ ಗುಳಿಗೆ ಬುಟ್ಬುಟ್ಟೆ" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಮಾಡಿದ್ದರೆ ನನಗೇ ಹಗುರವಾಗುತ್ತಿತ್ತು.

ನಾನು ಕೃಷಿ ಡಿಪ್ಲೊಮಾ ಓದಿದವನು, ಡಾಕ್ಟರಲ್ಲ. ಆದರೆ ಅರ್ಧ ಮಾತು ಹೇಳಿ ಹೊರಟವನು ನಾನೇ. ಉಳಿದ ಅರ್ಧವನ್ನು ಈಗಲಾದರೂ ಹೇಳಬೇಕು. ಅದಕ್ಕಾಗಿ ಈ ಕಾಳಿನ ಹಳೆಯ ಚರಿತ್ರೆಯನ್ನೆಲ್ಲ ಹುಡುಕಿ ಓದಿದೆ. ಓದಿದಷ್ಟೂ ಒಂದೇ ಮಾತು ಎದುರಾಯಿತು: ಮೆಂತ್ಯ ಮನುಷ್ಯನಿಗೆ ಒಳ್ಳೆಯದನ್ನು ಮಾಡಿದೆ, ಆದರೆ ಅಳತೆ ಮತ್ತು ಶುಚಿ ಇದ್ದ ಕಡೆಯಲ್ಲಿ ಮಾತ್ರ. ಆ ಚರಿತ್ರೆಯನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲು ಹುಟ್ಟೂರಿನ ಮಾತು. ಮೆಂತ್ಯ ನಮ್ಮ ಪಶ್ಚಿಮಕ್ಕಿರುವ ಒಣ ಸೀಮೆಗಳಿಂದ, ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತಲ ನೆಲದಿಂದ ಬೆಳೆದು ಬಂದ ಗಿಡ. ಈಜಿಪ್ಟಿನ ದೊರೆ ಟುಟಂಖಾಮನ್ ಸತ್ತು ಮೂರು ಸಾವಿರ ವರ್ಷಕ್ಕೂ ಮೇಲಾಯಿತು. 1922ರಲ್ಲಿ ಅವನ ಸಮಾಧಿಯನ್ನು ಪತ್ತೆಮಾಡಿ ತೆರೆದಾಗ ಚಿನ್ನದ ಜೊತೆಗೆ ಮೆಂತ್ಯದ ಕಾಳುಗಳೂ ಸಿಕ್ಕಿದವು. ದೊರೆಗೆ ಪರಲೋಕದಲ್ಲೂ ಬೇಕಾಗುತ್ತದೆಂದು ಇಟ್ಟ ಸಾಮಾನುಗಳಲ್ಲಿ ನಮ್ಮ ಒಗ್ಗರಣೆ ಡಬ್ಬಿಯ ಕಾಳಿಗೂ ಜಾಗವಿತ್ತು.

ಅರಮನೆಯಲ್ಲಿ ಹೀಗಾದರೆ ಕೊಟ್ಟಿಗೆಯಲ್ಲಿ ಬೇರೆ ಕಥೆ. ಸುಮಾರು 2,200 ವರ್ಷಗಳ ಹಿಂದೆ ರೋಮಿನಲ್ಲಿ ಕೇಟೋ ಎಂಬ ಹಿರಿಯನಿದ್ದ. ಬೇಸಾಯದ ಮೇಲೆ ಒಂದು ಪುಸ್ತಕ ಬರೆದ. ಎತ್ತುಗಳ ಮೇವಿಗಾಗಿ ಬಿತ್ತಬೇಕಾದ ಬೆಳೆಗಳ ಪಟ್ಟಿಯಲ್ಲಿ ಅವನು ಮೆಂತ್ಯವನ್ನೂ ಸೇರಿಸಿದ್ದಾನೆ. ರೋಮಿನವರು ಅದಕ್ಕೆ ಇಟ್ಟ ಹೆಸರೇ 'ಗ್ರೀಕರ ಒಣಹುಲ್ಲು' ಎಂದು. 1753ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಗಿಡಗಳಿಗೆಲ್ಲ ಶಾಸ್ತ್ರೀಯ ಹೆಸರು ಕೊಟ್ಟಾಗ ಆ ಹಳೆಯ ಹೆಸರನ್ನೇ ಉಳಿಸಿಕೊಂಡ. ಇವತ್ತಿಗೂ ಪುಸ್ತಕದಲ್ಲಿ ಮೆಂತ್ಯದ ಹೆಸರು 'ಟ್ರೈಗೊನೆಲ್ಲ ಫೀನಮ್-ಗ್ರೀಕಮ್'. ಅಂದರೆ, ನಾವು ಔಷಧಿ ಔಷಧಿ ಎಂದು ಹೊಗಳುವ ಕಾಳು ಒಂದು ಕಾಲಕ್ಕೆ ಎತ್ತಿನ ಮೇವು. ಇದರಲ್ಲಿ ನಾಚಿಕೆಯೇನೂ ಇಲ್ಲ. ನಮ್ಮ ಹುರುಳಿಯೂ ಹಾಗೆಯೇ ಅಲ್ಲವೇ?

ಇನ್ನೊಂದು ಘಟನೆ ಕೇಳಿ. ಇದು ಯುದ್ಧದ ಕಥೆ. ಕ್ರಿ. ಶ. 67ರಲ್ಲಿ ರೋಮನ್ ಸೈನ್ಯ ಗಲಿಲೀ ಸೀಮೆಯ ಯೋಟಪಾಟ ಎಂಬ ಯಹೂದಿ ಊರಿಗೆ ಮುತ್ತಿಗೆ ಹಾಕಿತು. ಆ ಜಾಗ ಈಗಿನ ಇಸ್ರೇಲಿನಲ್ಲಿದೆ. ಸೈನಿಕರು ಗೋಡೆಗೆ ಹಲಗೆಗಳನ್ನು ಒರಗಿಸಿ ಹತ್ತತೊಡಗಿದರು. ಒಳಗಿದ್ದವರು ಮೆಂತ್ಯ ಬೇಯಿಸಿ ಆ ಹಲಗೆಗಳ ಮೇಲೆ ಸುರಿದರು! ಕಾಲಿಟ್ಟವರೆಲ್ಲ ಜಾರಿ ಒಬ್ಬರ ಮೇಲೊಬ್ಬರು ಬಿದ್ದರು. ಊರನ್ನು ಕಾಯುತ್ತಿದ್ದ ನಾಯಕ ಜೋಸೀಫಸನೇ ಮುಂದೆ ಆ ಯುದ್ಧದ ಚರಿತ್ರೆ ಬರೆದು ಈ ಸಂಗತಿಯನ್ನು ದಾಖಲೆ ಮಾಡಿದ್ದಾನೆ. ಕೊನೆಗೆ ಊರು ರೋಮನರ ಕೈಸೇರಿತು, ಆ ಮಾತು ಬೇರೆ.

ಈ ಕಥೆಯನ್ನು ನಗಿಸಲಿಕ್ಕೆಂದು ಹೇಳಲಿಲ್ಲ, ತಾಯಂದಿರೇ. ರಾತ್ರಿ ಮೆಂತ್ಯ ನೆನೆಹಾಕಿ ಬೆಳಿಗ್ಗೆ ಬೆರಳಲ್ಲಿ ಮುಟ್ಟಿ ನೋಡಿ. ಲೋಳೆ ಲೋಳೆಯಾಗಿರುತ್ತದೆ. ರೋಮನರನ್ನು ಜಾರಿಸಿದ್ದು ಅದೇ ಲೋಳೆ. ಅದೇ ಲೋಳೆ ನಮ್ಮ ಕರುಳಿನಲ್ಲೂ ಕೆಲಸ ಮಾಡುತ್ತದೆ. ಮೆಂತ್ಯದ ಕಾಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಾರಿನ ಅಂಶವೇ ಇದೆ. ಅದರಲ್ಲಿ ನೀರು ಹೀರಿ ಉಬ್ಬಿ ಲೋಳೆಯಾಗುವ ನಾರೂ ಬಹಳ. ಅದು ಊಟದ ಜೊತೆ ಸೇರಿಕೊಂಡರೆ ಮುದ್ದೆ, ಅನ್ನದಲ್ಲಿನ ಪಿಷ್ಟ ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ನಾಲೆಯ ತೂಬನ್ನು ಪೂರ್ತಿ ಎತ್ತಿದರೆ ನೀರು ನುಗ್ಗುತ್ತದೆ, ಒಂದಿಷ್ಟೇ ಎತ್ತಿದರೆ ಸಣ್ಣಗೆ ಹರಿಯುತ್ತದೆ. ಮೆಂತ್ಯ ಮಾಡುವ ಕೆಲಸ ತೂಬು ಇಳಿಸುವ ಕೆಲಸ. ಆದರೆ ಗಮನಿಸಿ, ತೂಬು ಇಳಿಸಿದ ಮಾತ್ರಕ್ಕೆ ಏರಿ ಒಡೆದದ್ದು ದುರಸ್ತಿಯಾಗುವುದಿಲ್ಲ.

ನಮ್ಮ ದೇಶಕ್ಕೆ ಈ ಕಾಳು ಬಹಳ ಹಿಂದೆಯೇ ಬಂದು ನಮ್ಮದೇ ಆಗಿಹೋಯಿತು. ಸಂಸ್ಕೃತದಲ್ಲಿ ಮೇಥಿಕಾ, ಹಿಂದಿಯಲ್ಲಿ ಮೇಥಿ, ತೆಲುಗಿನಲ್ಲಿ ಮೆಂತುಲು, ನಮ್ಮಲ್ಲಿ ಮೆಂತ್ಯ, ಆಡುಮಾತಿನಲ್ಲಿ ಮೆಂತೆ. 16ನೆಯ ಶತಮಾನದಲ್ಲಿ ಭಾವಮಿಶ್ರ ಬರೆದ 'ಭಾವಪ್ರಕಾಶ' ಎಂಬ ವೈದ್ಯಗ್ರಂಥದಲ್ಲಿ 'ಚತುರ್ಬೀಜ' ಎಂಬ ಮಾತಿದೆ. ನಾಲ್ಕು ಬೀಜಗಳು ಎಂದರ್ಥ: ಮೆಂತ್ಯ, ಆಳ್ವಿ, ಕರಿಜೀರಿಗೆ ಮತ್ತು ಓಮ. ಕನ್ನಡದ ಮಟ್ಟಿಗೆ ಹೇಳುವುದಾದರೆ, ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ' ಎಂಬ ಗ್ರಂಥವಿದೆ. ಮಳೆಯ ಲಕ್ಷಣ, ಬಾವಿ ತೋಡುವುದು, ಗಿಡಮರಗಳ ಆರೈಕೆ, ಅಡುಗೆ, ಮನುಷ್ಯರ ಮದ್ದು, ದನಕರುಗಳ ಮದ್ದು, ಎಲ್ಲವೂ ಒಂದೇ ಪುಸ್ತಕದಲ್ಲಿ. ಅಡುಗೆಮನೆಗೂ ಮದ್ದಿಗೂ ನಡುವೆ ನಮ್ಮ ಹಿರಿಯರು ಗೋಡೆ ಕಟ್ಟಿರಲಿಲ್ಲ. ಆದರೆ ಅವರು ಅಳತೆಯನ್ನು ಬಿಟ್ಟವರೂ ಅಲ್ಲ. 'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆ ಹುಟ್ಟಿದ್ದು ಇದೇ ಜನರ ಬಾಯಲ್ಲಿ.

ಈಗ ನಮ್ಮ ಸೀಮೆಗೆ ಬರೋಣ. 1800ರಲ್ಲಿ, ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಬೆಳೆ, ನೆಲ, ಜನ ಎಲ್ಲವನ್ನೂ ನೋಡಿ ಬರೆಯುತ್ತಾ ಮದ್ದೂರು, ಮಂಡ್ಯದ ದಾರಿಯಲ್ಲೇ ಶ್ರೀರಂಗಪಟ್ಟಣಕ್ಕೆ ಹೋದ. ಕಬ್ಬು, ಬೆಲ್ಲ ಆಗಲೂ ಇದ್ದವು. ಆದರೆ ಕೆರೆ, ಕಾಲುವೆಯ ನೀರು ಸಿಕ್ಕಿದಷ್ಟೇ ಜಾಗದಲ್ಲಿ. ಮಿಕ್ಕ ಬಯಲೆಲ್ಲ ರಾಗಿ, ಅವರೆ, ಹುರುಳಿ, ಹುಚ್ಚೆಳ್ಳಿನ ಹೊಲ. ಬೆಲ್ಲ ಎಂಬುದು ಹಬ್ಬಕ್ಕೆ, ಮದುವೆಗೆ, ಬಾಣಂತಿಗೆ.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದ ಆರಂಭದ ಹೊತ್ತಿಗೆ ಕಟ್ಟೆ ಮುಗಿದು, ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲು ಹಸಿರಾಯಿತು. ಹಸಿವು ಹಿಂದೆ ಸರಿಯಿತು, ಮಕ್ಕಳು ಶಾಲೆಗೆ ಹೋದರು, ಹೆಂಚಿನ ಮನೆಗಳಾದವು. ಆ ನೀರಿನ ಋಣ ದೊಡ್ಡದು. ನಾನು ಓದಿದ್ದೂ ಆ ನೀರಿನ ಬೆಳೆಯ ದುಡ್ಡಿನಲ್ಲೇ.

ಆದರೆ ಊಟವೂ ಬದಲಾಯಿತು. ರಾಗಿಯ ಜಾಗಕ್ಕೆ ಅಕ್ಕಿ ಬಂತು. ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಟೀ ಬಂತು. ನೇಗಿಲು ಹಿಡಿದವರು ಟ್ರ್ಯಾಕ್ಟರ್ ಮೇಲೆ ಕೂತರು, ನಡೆದು ಹೋಗುವ ದಾರಿಗೆ ಬೈಕು ಬಂತು. ಇದು ಮಂಡ್ಯ ಒಂದರ ಕಥೆಯಲ್ಲ, ದೇಶದ್ದೇ ಕಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇದೆ. ಒಂದು ಕಾಲಕ್ಕೆ ಪಟ್ಟಣದ ಸಾಹುಕಾರರ ಕಾಯಿಲೆ ಎಂದು ಹೆಸರಾಗಿದ್ದದ್ದು ಈಗ ನಮ್ಮ ಜಗಲಿಯ ಮೇಲೆ ಬಂದು ಕೂತಿದೆ. ಹೀಗಿರುವಾಗ ಜನರ ಕಣ್ಣು ಕಹಿ ಕಾಳಿನ ಕಡೆ ತಿರುಗಿದ್ದು ಸಹಜವೇ.

ಹಾಗಾದರೆ ಮೆಂತ್ಯ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬುದು ಬರೀ ಬಾಯಿಮಾತೇ? ಅಲ್ಲ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರಾಂತ ಸಂಸ್ಥೆಯಿದೆ. 1918ರಲ್ಲಿ ಕೂನೂರಿನಲ್ಲಿ ಸಣ್ಣದಾಗಿ ಹುಟ್ಟಿ, 1958ರಲ್ಲಿ ಹೈದರಾಬಾದಿಗೆ ಬಂದದ್ದು. ಅಲ್ಲಿಯ ವಿಜ್ಞಾನಿಗಳು ಇನ್ಸುಲಿನ್ ಅಗತ್ಯವಿರುವ ಹತ್ತು ಮಂದಿ ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಸಿ 1990ರಲ್ಲಿ ಪ್ರಕಟಿಸಿದರು. ಎಣ್ಣೆಯ ಅಂಶ ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂನಂತೆ, ಮಧ್ಯಾಹ್ನ ಅರ್ಧ, ರಾತ್ರಿ ಅರ್ಧ, ಊಟದಲ್ಲಿ ಬೆರೆಸಿ ಹತ್ತು ದಿನ ಕೊಟ್ಟರು. ಬರಿಹೊಟ್ಟೆಯ ರಕ್ತದ ಸಕ್ಕರೆ ಇಳಿಯಿತು. ಮೂತ್ರದಲ್ಲಿ ಹೋಗುವ ಸಕ್ಕರೆ ನೂರಕ್ಕೆ 54ರಷ್ಟು ಕಡಿಮೆಯಾಯಿತು.

ಇದನ್ನು ಕೇಳಿ ಹಿಗ್ಗಬೇಕಾದದ್ದೇ. ಆದರೆ ರೈತರಾದ ನೀವು ಲೆಕ್ಕ ಬಲ್ಲವರು, ಮೂರು ವಿಷಯ ಗಮನಿಸಿ. ಒಂದು, 100 ಗ್ರಾಂ ಅಂದರೆ ಒಗ್ಗರಣೆಯ ಚಿಟಿಕೆಯಲ್ಲ, ಎರಡು ಹಿಡಿ ಕಾಳಿನ ಮಾತು. ಎರಡು, ಹತ್ತು ಜನ, ಹತ್ತು ದಿನ. ಅದೂ ವಿಜ್ಞಾನಿಗಳ ಕಣ್ಣೆದುರಿಗೆ. ಮೂರನೆಯದೇ ಮುಖ್ಯ: ಮೆಂತ್ಯ ತಿಂದು ಇನ್ಸುಲಿನ್ ಬಿಡಿ ಎಂದು ಆ ಪರೀಕ್ಷೆ ಹೇಳಲಿಲ್ಲ. ಮೆಂತ್ಯ ಊಟದ ಜೊತೆ ನಿಂತು ಸಹಾಯ ಮಾಡಿತು, ಅಷ್ಟೆ. ನಮ್ಮ ಯಜಮಾನರಿಗೆ ನಾನು ಹೇಳದೆ ಬಿಟ್ಟ ಅರ್ಧ ಮಾತು ಇದೇ.

ಇಲ್ಲಿ ಇನ್ನೊಂದು ಸೊಪ್ಪಿನ ಕಥೆಯನ್ನೂ ಕೇಳಬೇಕು. ಯುರೋಪಿನಲ್ಲಿ ಗಲೀಗ ಎಂಬ ಗಿಡವಿದೆ. ಅದೂ ಮೆಂತ್ಯದ ಹಾಗೆ ಬೇಳೆಕಾಳಿನ ಕುಟುಂಬದ್ದೇ. ಹಳೆಯ ವೈದ್ಯರು ಅದನ್ನು ಅತಿಮೂತ್ರಕ್ಕೆ ಕೊಡುತ್ತಿದ್ದರು. ಮೇವಿಗಾಗಿ ಮೇಯಿಸಿದ ಕಡೆ ಕುರಿಗಳು ಸತ್ತವು. ಗಿಡದಲ್ಲಿ ಸಕ್ಕರೆ ಇಳಿಸುವ ಗುಣವೂ ಇತ್ತು, ವಿಷವೂ ಇತ್ತು. ರಸಾಯನಶಾಸ್ತ್ರದವರು ಆ ಗಿಡದ ಸತ್ವ ಏನೆಂದು ಹುಡುಕಿದರು. ಅದರ ಹೋಲಿಕೆಯ ಬೇರೆ ವಸ್ತುಗಳನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1922ರಲ್ಲಿ ಡಬ್ಲಿನ್ ನಗರದಲ್ಲಿ ಅಂಥ ಒಂದು ವಸ್ತು ಸಿದ್ಧವಾಯಿತು. 1957ರಲ್ಲಿ ಪ್ಯಾರಿಸ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ಸಕ್ಕರೆ ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ. ಅದರ ಹೆಸರು ಮೆಟ್‌ಫಾರ್ಮಿನ್. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಅವರ ಮಾತ್ರೆಯ ಚೀಟಿ ನೋಡಿ, ಬಹುಮಟ್ಟಿಗೆ ಇದೇ ಹೆಸರು ಇರುತ್ತದೆ. "ಇಂಗ್ಲಿಷ್ ಮಾತ್ರೆ ಬೇಡ, ನಮಗೆ ಸೊಪ್ಪುಸೆದೆಯೇ ಸಾಕು" ಎನ್ನುವವರು ನೆನಪಿಡಿ: ಆ ಮಾತ್ರೆಯ ಮೂಲವೂ ಒಂದು ಸೊಪ್ಪಿನ ಗಿಡವೇ. ವ್ಯತ್ಯಾಸ ಇಷ್ಟೇ, ಅಲ್ಲಿ ವಿಷ ಕಳೆದು ಅಳತೆ ಕೂಡಿಸಿದ್ದಾರೆ.

ಅಳತೆಯ ಮಾತಾಯಿತು, ಈಗ ಶುಚಿಯ ಮಾತು. 2011ರ ಮೇ ತಿಂಗಳಲ್ಲಿ ಉತ್ತರ ಜರ್ಮನಿಯಲ್ಲಿ ಜನ ಇದ್ದಕ್ಕಿದ್ದ ಹಾಗೆ ರಕ್ತಭೇದಿಯಿಂದ ಮಲಗಿದರು. ಗಟ್ಟಿಮುಟ್ಟಾಗಿದ್ದ ಹೆಂಗಸರಿಗೇ ಹೆಚ್ಚಾಗಿ ಬಂತು. ಅನೇಕರ ಮೂತ್ರಪಿಂಡವೇ ಕೆಲಸ ನಿಲ್ಲಿಸಿತು. ಅಧಿಕಾರಿಗಳು ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಬೊಟ್ಟು ಮಾಡಿದರು. ಅದು ತಪ್ಪು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಸ್ಪೇನಿನ ರೈತರ ತರಕಾರಿ ಕೊಳ್ಳುವವರಿಲ್ಲದೆ ಕೊಳೆತುಹೋಗಿತ್ತು. ಮಾಡದ ತಪ್ಪಿಗೆ ರೈತ ದಂಡ ತೆರುವುದು ಎಲ್ಲ ದೇಶದಲ್ಲೂ ಇದೆ ನೋಡಿ. ಜೂನ್ ತಿಂಗಳಲ್ಲಿ ನಿಜವಾದ ಮೂಲ ಗೊತ್ತಾಯಿತು: ಹಸಿಯಾಗಿ ತಿಂದ ಮೊಳಕೆಕಾಳು. ಕೆಲವೇ ದಿನಗಳಲ್ಲಿ ಫ್ರಾನ್ಸಿನಲ್ಲೂ ಅದೇ ರೋಗ, ಅಲ್ಲೂ ಮೊಳಕೆಕಾಳು. ಎರಡೂ ಕಡೆ ಸಮಾನವಾಗಿ ಕಂಡದ್ದು 2009ರಲ್ಲಿ ಈಜಿಪ್ಟಿನಿಂದ ಬಂದಿದ್ದ ಒಂದೇ ಲಾಟಿನ ಮೆಂತ್ಯದ ಬೀಜ. ಮೂಲ ಬಹುಮಟ್ಟಿಗೆ ಅದೇ ಇರಬೇಕೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಜುಲೈನಲ್ಲಿ ತೀರ್ಮಾನಿಸಿತು. ಆ ಲಾಟಿನ ತೂಕ ಸುಮಾರು 15 ಟನ್ನು. ನಮ್ಮ ಕಬ್ಬಿನ ಒಂದು ಲಾರಿ ಲೋಡು ಅನ್ನಿ. ಜರ್ಮನಿ ಒಂದರಲ್ಲೇ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 53 ಮಂದಿ ಸತ್ತರು.

ಮೆಂತ್ಯ ಇಲ್ಲಿ ವಿಷವಾದದ್ದಲ್ಲ, ಬಾಂಧವರೇ. ಹೊಲದಿಂದ ಗೋಣಿಯವರೆಗೆ ಎಲ್ಲೋ ಹೊಲಸು ಅಂಟಿತ್ತು. ಒಣಗಿದ ಕಾಳಿನ ಮೇಲೆ ರೋಗಾಣು ನಿದ್ದೆ ಹೋದಂತೆ ಇರುತ್ತದೆ. ನೀರು ಹಾಕಿ, ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗಿಟ್ಟಿರೋ, ಮೊಳಕೆಯ ಜೊತೆಗೆ ಅದೂ ಎದ್ದು ಬೆಳೆಯುತ್ತದೆ. ಬೇಯಿಸಿದರೆ ಸಾಯುತ್ತದೆ. ಹಸಿಯಾಗಿ ತಿಂದರೆ ಹೊಟ್ಟೆ ಸೇರುತ್ತದೆ. ಸಕ್ಕರೆ ಕಾಯಿಲೆಗೆಂದು ಮೊಳಕೆ ಮೆಂತ್ಯವನ್ನು ಹಸಿಯಾಗಿ ಅಗಿಯುವ ಅಭ್ಯಾಸ ನಮ್ಮ ಕಡೆಯೂ ಇದೆ. ಆದ್ದರಿಂದ ಈ ಜರ್ಮನಿಯ ಕಥೆ ನಮಗೆ ದೂರದ್ದಲ್ಲ.

ಇಷ್ಟು ಚರಿತ್ರೆ ಕೇಳಿದ ಮೇಲೆ, ಮನೆಯಲ್ಲಿ ಪಾಲಿಸಬೇಕಾದ ಎಚ್ಚರಿಕೆಗಳನ್ನು ಒಂದೊಂದಾಗಿ ಹೇಳುತ್ತೇನೆ. ಓದು ಬಲ್ಲವರು ಮನೆಯ ಹಿರಿಯರಿಗೆ ಓದಿ ಹೇಳಿ.

ಒಂದನೆಯದು. ಮೆಂತ್ಯ ಶುರುಮಾಡಿದಿರೆಂದು ಸಕ್ಕರೆಯ ಮಾತ್ರೆಯನ್ನಾಗಲಿ, ಇನ್ಸುಲಿನ್ ಸೂಜಿಯನ್ನಾಗಲಿ ಬಿಡಬೇಡಿ, ನೀವಾಗಿ ಕಡಿಮೆಯೂ ಮಾಡಬೇಡಿ. ಮೆಂತ್ಯ ತಿನ್ನುವ ವಿಷಯವನ್ನು ಡಾಕ್ಟರಿಗೆ ಹೇಳಿ. ಕಡಿಮೆ ಮಾಡಬಹುದಾದರೆ ರಕ್ತ ಪರೀಕ್ಷೆ ನೋಡಿ ಅವರೇ ಹೇಳುತ್ತಾರೆ. ಕಾಲಿನ ಪಾದವನ್ನು ದಿನಾ ರಾತ್ರಿ ನೋಡಿಕೊಳ್ಳಿ. ಗದ್ದೆಯಲ್ಲಿ ಕಬ್ಬಿನ ಕೂಳೆ ಚುಚ್ಚಿದ್ದು ಈ ಕಾಯಿಲೆಯವರಿಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ.

ಎರಡನೆಯದು. ಮಾತ್ರೆ ತೆಗೆದುಕೊಳ್ಳುತ್ತಲೇ ಮೆಂತ್ಯವನ್ನೂ ಹೆಚ್ಚಾಗಿ ತಿಂದು, ಊಟ ತಪ್ಪಿಸಿ ಹೊಲಕ್ಕೆ ಹೋದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ಮೈ ಬೆವರುವುದು, ಕೈ ನಡುಗುವುದು, ಕಣ್ಣು ಕತ್ತಲೆ, ತಡೆಯಲಾರದ ಹಸಿವು ಇದರ ಲಕ್ಷಣ. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರೋ ಬೆಲ್ಲದ ನೀರೋ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಮೂರನೆಯದು ಅಳತೆ. ಅಡುಗೆಯಲ್ಲಿ ಬಳಸುವಷ್ಟು ಮೆಂತ್ಯ ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ನೆನೆಸಿದ ಕಾಳು ತಿನ್ನುವುದಾದರೆ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಸಾಕು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಡಾಕ್ಟರನ್ನು ಕೇಳಿ. ಹೆಚ್ಚಾದರೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಒಣ ಪುಡಿಯನ್ನು ಹಾಗೇ ಬಾಯಿಗೆ ಹಾಕಿಕೊಳ್ಳಬೇಡಿ. ಲೋಳೆ ಉಬ್ಬಿ ಗಂಟಲಲ್ಲಿ ಕಟ್ಟಿಕೊಳ್ಳಬಹುದು. ನೀರಿನಲ್ಲೋ ಮಜ್ಜಿಗೆಯಲ್ಲೋ ಚೆನ್ನಾಗಿ ಕದಡಿ ಕುಡಿಯಿರಿ.

ನಾಲ್ಕನೆಯದು ಗರ್ಭಿಣಿ, ಬಾಣಂತಿಯರ ವಿಷಯ. ಬಸುರಿಯರು ಸಾರು, ಪಲ್ಯದಲ್ಲಿ ಎಂದಿನಂತೆ ತಿನ್ನಲಿ. ಆದರೆ ಮೆಂತ್ಯದ ಕಷಾಯ, ಹಿಡಿಗಟ್ಟಲೆ ಪುಡಿ ಬೇಡ, ಗರ್ಭಕೋಶವನ್ನು ಕೆರಳಿಸಬಹುದು. ಬಾಣಂತಿಗೆ ಹಾಲು ಬರಲೆಂದು ಮೆಂತ್ಯ, ಬೆಲ್ಲ, ತುಪ್ಪದ ಉಂಡೆ ಕೊಡುವುದು ಹಳೆಯ ಪದ್ಧತಿ. ಮಿತವಾಗಿ ಕೊಟ್ಟರೆ ಅಡ್ಡಿಯಿಲ್ಲ. ಆದರೆ ಹಾಲು ಹೆಚ್ಚಿಸುವ ಮೊದಲ ಉಪಾಯ ಮಗುವಿಗೆ ಮತ್ತೆ ಮತ್ತೆ ಎದೆಗೊಡುವುದು. ಬಾಣಂತಿಗೆ ಸಕ್ಕರೆ ಕಾಯಿಲೆಯಿದ್ದರೆ ಉಂಡೆಯ ಬೆಲ್ಲವೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ವಿಚಿತ್ರವಿದೆ. ಮೆಂತ್ಯ ತಿಂದವರ ಬೆವರು, ಮೂತ್ರಕ್ಕೆ ಕಾಸಿದ ಪಾಕದಂಥ ವಾಸನೆ ಬರುತ್ತದೆ. ತಾಯಿ ತಿಂದರೆ ಹಸುಗೂಸಿನ ಮೂತ್ರಕ್ಕೂ ಬರುವುದುಂಟು. ಹುಟ್ಟಿದ ಮಕ್ಕಳಿಗೆ ಅಪರೂಪವಾಗಿ ಬರುವ ಒಂದು ಕೆಟ್ಟ ಕಾಯಿಲೆಯಲ್ಲೂ ಇದೇ ವಾಸನೆ. ಆದ್ದರಿಂದ ಮಗುವಿಗೆ ಇಂಥ ವಾಸನೆ ಕಂಡರೆ ಡಾಕ್ಟರಿಗೆ ತೋರಿಸಿ, ತಾಯಿ ಮೆಂತ್ಯ ತಿಂದಿದ್ದನ್ನೂ ಹೇಳಿ. ನೀವೇ ತೀರ್ಮಾನ ಮಾಡಬೇಡಿ.

ಐದನೆಯದು. ಹೃದಯದ ಕಾಯಿಲೆಗೆಂದು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವವರು ಡಾಕ್ಟರನ್ನು ಕೇಳದೆ ಮೆಂತ್ಯವನ್ನು ಮದ್ದಿನಂತೆ ತಿನ್ನಬಾರದು. ಕಡಲೆಕಾಯಿ, ಕಡಲೆ ಮೈಗಾಗದವರಿಗೆ ಮೆಂತ್ಯವೂ ಆಗದಿರಬಹುದು. ಎಲ್ಲವೂ ಒಂದೇ ಕುಟುಂಬದ ಬೆಳೆ.

ಆರನೆಯದು. ಮೊಳಕೆ ಕಟ್ಟಿದ ಮೆಂತ್ಯವನ್ನು ಹಬೆಯಲ್ಲಾದರೂ ಚೆನ್ನಾಗಿ ಬೇಯಿಸಿ ತಿನ್ನಿ. ಬಿತ್ತನೆಗೆಂದು ಪೊಟ್ಟಣದಲ್ಲಿ ಮಾರುವ ಬೀಜವನ್ನು ಎಂದಿಗೂ ಅಡುಗೆಗೆ ಬಳಸಬೇಡಿ. ಅದಕ್ಕೆ ಶಿಲೀಂಧ್ರದ ಔಷಧಿ ಲೇಪಿಸಿರುತ್ತಾರೆ. ಮಿಕ್ಕ ಬಿತ್ತನೆ ಬೀಜವನ್ನು ಒಗ್ಗರಣೆ ಡಬ್ಬಿಗೆ ಸುರಿಯುವ ಉಳಿತಾಯ ಬೇಡ.

ಇನ್ನು ಬೆಳೆಯುವವರಿಗೆ ಎರಡು ಮಾತು. ಕಾರ್ತಿಕದಿಂದ ಮಾಘದವರೆಗಿನ ಚಳಿ ಮೆಂತ್ಯ ಸೊಪ್ಪಿಗೆ ಹಿತ. ರಾತ್ರಿ ನೆನೆಸಿದ ಬೀಜವನ್ನು ಎಳೆ ಕಬ್ಬಿನ ಸಾಲುಗಳ ನಡುವೆ ತೆಳ್ಳಗೆ ಬಿತ್ತಿ, ಹದವಾಗಿ ನೀರು ಕೊಟ್ಟರೆ 25ರಿಂದ 30 ದಿನಕ್ಕೆ ಸೊಪ್ಪು ಕೀಳಬಹುದು. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಕಬ್ಬಿಗೆ ಅಟ್ರಜಿನ್ ಕಳೆನಾಶಕ ಹೊಡೆದ ತಾಕಿನಲ್ಲಿ ಮೆಂತ್ಯ ಬಿತ್ತಬೇಡಿ, ಏಳುವುದಿಲ್ಲ. ತಿಂಗಳಿಗೇ ಬಾಯಿಗೆ ಹೋಗುವ ಸೊಪ್ಪಿಗೆ ಕೀಟನಾಶಕ ಹೊಡೆಯುವುದು ನಮ್ಮ ಮಕ್ಕಳ ತಟ್ಟೆಗೇ ಹೊಡೆದ ಹಾಗೆ. ಚರಂಡಿ ನೀರು ಹಾಯಿಸಬೇಡಿ. ಹಸಿ ಸಗಣಿ ಹಾಕಬೇಡಿ, ಚೆನ್ನಾಗಿ ಕಳಿತ ಗೊಬ್ಬರ ಹಾಕಿ. ಮನೆಗೆ ತಂದ ಸೊಪ್ಪನ್ನು ಬೇರು ಕತ್ತರಿಸಿ, ಮೂರು ನೀರಿನಲ್ಲಿ ಮಣ್ಣು ತಳ ಸೇರುವಂತೆ ತೊಳೆಯಿರಿ.

ನಮ್ಮಲ್ಲಿ 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯಿದೆ. ಹತ್ತಿರದ್ದನ್ನು ಕಡೆಗಣಿಸಬಾರದೆಂದು ಹಿರಿಯರು ಚುಚ್ಚಿ ಹೇಳಿದ ಮಾತು ಅದು. ಈಗಿನ ಕಾಲಕ್ಕೆ ಅದರ ಜೊತೆಗೆ ಇನ್ನೊಂದನ್ನು ಸೇರಿಸಬೇಕಾಗಿದೆ: ಹಿತ್ತಲ ಗಿಡವೊಂದೇ ಮದ್ದಲ್ಲ. ಮೆಂತ್ಯ ತಟ್ಟೆಯಲ್ಲಿರಲಿ, ಮಾತ್ರೆ ಅದರ ಹೊತ್ತಿಗೆ ಬಾಯಿಗೆ ಬೀಳಲಿ, ಒಂದಿಷ್ಟು ನಡಿಗೆಯಿರಲಿ, ಟೀಯಲ್ಲಿ ಸಕ್ಕರೆ ಒಸಿ ಕಡಿಮೆಯಾಗಲಿ.

ಆ ಯಜಮಾನರು ಈಗ ಮಾತ್ರೆ ತಪ್ಪಿಸುವುದಿಲ್ಲ. ಹೋದ ಸಲ ಹೋದಾಗ ಅವರ ಮನೆಯಲ್ಲಿ ಮೆಂತ್ಯ ಸೊಪ್ಪಿನ ಬಸ್ಸಾರು, ಮುದ್ದೆ ಉಂಡು ಬಂದೆ. ಸೊಸೆ ಬಡಿಸುತ್ತಾ, "ಮಾವ, ಗುಳಿಗೆ ಆಯ್ತಾ?" ಎಂದು ಕೇಳಿದರು. ಯಜಮಾನರು ನನ್ನ ಮುಖ ನೋಡಿ ನಕ್ಕು, ಖಾಲಿ ಚೀಟಿ ಎತ್ತಿ ತೋರಿಸಿದರು. ನಿಮ್ಮ ಮನೆಯಲ್ಲೂ ಇವತ್ತು ರಾತ್ರಿ ಊಟಕ್ಕೆ ಕೂತಾಗ ಆ ಒಂದು ಮಾತನ್ನು ಯಾರಾದರೂ ಕೇಳಲಿ.